ಉಂಡ ಮನೆಯ ಜಂತಿ ಎಣಿಸೋದು

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕತೆಯನ್ನು ಬೀದರ್ ಕಡೆ ಯಾರನ್ನು ಕೇಳಿದರೂ ಹೇಳ್ತಾರೆ. ಅದು ನಿಜಾಮನ ಕಾಲ. ಶಾಲೆ, ಕಚೇರಿ ಎಲ್ಲ ಕಡೆ ಉರ್ದು. ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಕನ್ನಡ ಕಲಿಸಿದರು. ಭಾಲ್ಕಿಯಲ್ಲಿ, ಮೊನ್ನೆ ಮೊನ್ನೆವರೆಗೂ ಔರಾದ್ ತಾಲ್ಲೂಕಿನಲ್ಲಿದ್ದ ಕಮಲನಗರದಲ್ಲಿ ಬಡ ಮಕ್ಕಳಿಗೆ ಅನ್ನ, ಆಸರೆ ಕೊಟ್ಟು ಓದಿಸಿದರು. ದೊಡ್ಡ ಕೆಲಸ, ಅನುಮಾನವೇ ಇಲ್ಲ.

ಆದರೆ ಆ ಬೋರ್ಡಿನ ಹಿಂದೆ ಕೂತಿದ್ದ ಮಕ್ಕಳು ಯಾರು? ಯಾವ ಊರಿಂದ ಬಂದರು, ಯಾರು ತಂದು ಬಿಟ್ಟರು, ದೀಪಾವಳಿ ರಜೆಗೆ ಹೋಗಲು ಮನೆಯೇ ಇಲ್ಲದವರು ಎಲ್ಲಿ ಉಳಿದರು? ನಮ್ಮಲ್ಲಿ ಸಾಕಿದವರ ಚರಿತ್ರೆ ಇದೆ, ಬೆಳೆದವರದಿಲ್ಲ.

ಕಾರಣ ಸರಳ. ದಾಖಲಾತಿ ರಿಜಿಸ್ಟರು ಬರೆಯೋದು ಸಂಸ್ಥೆ ನಡೆಸುವವರ ಅನುಕೂಲಕ್ಕೆ. ಹೆಸರು, ವಯಸ್ಸು, ಜಾತಿ, ಸೇರಿದ ದಿನ, ಬಿಟ್ಟ ದಿನ. ಒಂದು ಬಾಲ್ಯ ಒಂದು ಸಾಲಿನಲ್ಲಿ ಮುಗೀತು. ‘ಅನಾಥ’ ಅಂತ ಬರೆದ ಎಲ್ಲರೂ ಅನಾಥರೂ ಅಲ್ಲ. ವಿಧವೆ ತಾಯಿ, ಸಾಲ, ಬರ, ದುಡಿಯೋಕೆ ಹೈದರಾಬಾದಿಗೋ ಮುಂಬೈಗೋ ಹೋದ ಅಪ್ಪ: ಇವೆಲ್ಲ ಆ ಒಂದೇ ಪದದೊಳಗೆ ಅಡಗಿಬಿಡಬಹುದು.

ಆಸ್ಟ್ರೇಲಿಯಾದಲ್ಲಿ ಇಂಥ ಮಕ್ಕಳೇ ದೊಡ್ಡವರಾಗಿ ಪ್ರಶ್ನೆ ಕೇಳಿದರು. 20ನೇ ಶತಮಾನದಲ್ಲಿ ಸುಮಾರು 5 ಲಕ್ಷ ಮಕ್ಕಳು ಮನೆಯಿಂದಾಚೆ ಬೆಳೆದಿದ್ದರು ಅಂತ 2004ರಲ್ಲಿ ಅಲ್ಲಿನ ಸೆನೆಟ್ ವರದಿ ಅಂದಾಜು ಮಾಡಿತು. 2009ರ ನವೆಂಬರ್ 16ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆಮೇಲೆ ಯಾವ ಸಂಸ್ಥೆಯ ಕಾಗದ ಎಲ್ಲಿದೆ ಅಂತ ಹುಡುಕಿಕೊಡುವ ವ್ಯವಸ್ಥೆಯೂ ಬಂತು. ಆ ಕಡತಗಳು ಮೊದಲು ಬೇಕಾದದ್ದು ಇತಿಹಾಸಕಾರರಿಗಲ್ಲ. ‘ನನಗೆ ತಂಗಿ ಇದ್ದಳಾ?’ ಅಂತ ಕೇಳುವವರಿಗೆ.

ನಮ್ಮ 2015ರ ಬಾಲನ್ಯಾಯ ಕಾಯ್ದೆ ಮಗುವಿನ ಗುರುತು ಬಯಲಾಗದಂತೆ ಕಾಪಾಡುತ್ತದೆ. ಸರಿಯೇ. ಆದರೆ ಬೇರೆಯವರಿಂದ ಮುಚ್ಚಿಡೋದು ಬೇರೆ, ಬೆಳೆದು ನಿಂತ ಆ ಮನುಷ್ಯನಿಂದಲೇ ಮುಚ್ಚಿಡೋದು ಬೇರೆ. ಮಗುವಿಗೆ ತನ್ನ ಗುರುತನ್ನು ಉಳಿಸಿಕೊಳ್ಳುವ ಹಕ್ಕಿದೆ ಅನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲೇ ಒಪ್ಪಿದೆ.

ಕಾಗದಕ್ಕಿಂತ ದೊಡ್ಡ ಬೀಗ ಇನ್ನೊಂದಿದೆ: ಋಣ. ಉಂಡ ಮನೆಯ ಜಂತಿ ಎಣಿಸಬಾರದು ಅಂತಾರಲ್ಲ, ಆ ಭಯ. ಅನ್ನ ಹಾಕಿದವರ ಬಗ್ಗೆ ಮಾತಾಡುವಾಗ ಹಸಿವು, ಏಟು, ರಾತ್ರಿಯ ಅಳು ಯಾವುದೂ ಬಾಯಿಗೆ ಬರೋದಿಲ್ಲ. ಎಷ್ಟೋ ಸಲ ಅಲ್ಲಿ ಸಿಕ್ಕ ಗೆಳೆತನವೂ ಬರೋದಿಲ್ಲ. ಬರೀ ಕೃತಜ್ಞತೆ ಬರುತ್ತೆ. ಆದರೆ ಚರಿತ್ರೆ ಅಂದರೆ ಜಂತಿ ಎಣಿಸೋದೇ ಅಲ್ವಾ? ಎಣಿಸಿದರೆ ಮನೆ ಬೀಳೋದಿಲ್ಲ. ಎಷ್ಟು ಜನರನ್ನು ಹೊತ್ತಿತ್ತು ಅಂತ ಗೊತ್ತಾಗುತ್ತೆ.

1948ಕ್ಕೆ ಮುಂಚೆ ಆ ಬೋರ್ಡಿನ ಹಿಂದೆ ಕಲಿತವರಿಗೆ ಈಗ 80 ದಾಟಿದೆ. ನಿಮ್ಮ ಮನೆಯಲ್ಲೂ ‘ಹಾಸ್ಟೆಲಿನಾಗ ಬೆಳೆದೀನಿ’ ಅನ್ನುವ ಅಜ್ಜ ಇರಬಹುದು. ಮುಂದಿನ ರಜೆಗೆ ಊರಿಗೆ ಹೋದಾಗ ಪಕ್ಕದಲ್ಲಿ ಕೂತು ಕೇಳಿ. ಸ್ವಾಮಿಗಳ ಬಗ್ಗೆ ಅಲ್ಲ, ಅವರ ಬಗ್ಗೆ: ‘ಅಜ್ಜಾ, ಮೊದಲ ರಾತ್ರಿ ನಿಮ್ಮ ಪಕ್ಕ ಯಾರು ಮಲಗಿದ್ರು?’ ಅವರು ಒಪ್ಪಿದರೆ ಬರೆದಿಡಿ. ಬೇಡ ಅಂದರೆ ಸುಮ್ಮನೆ ಕೇಳಿಸಿಕೊಳ್ಳಿ.