ಗಾಜಿನ ತೊಟ್ಟಿಗೆ ಕಡಲು ಬಂದ ಬಗೆ

ಊರಿನಿಂದ ನೆಂಟರು ಬಂದರೆ ಮುಂಬಯಿಯ ನಾವು ತಾರಾಪೊರವಾಲಾ ಮತ್ಸ್ಯಾಲಯ ತೋರಿಸದೆ ಕಳುಹಿಸುತ್ತಿರಲಿಲ್ಲ. 1951ರಲ್ಲಿ ತೆರೆದ ಆ ಕಟ್ಟಡದ ಎದುರಿಗೇ ಕಡಲು. ಆದರೆ ಕಡಲಿಲ್ಲದ ಊರಿನಲ್ಲಿ, ಮನೆಯೊಳಗೆ, ಕಡಲಿನ ಜೀವಿಗಳನ್ನು ಸಾಕುವುದು ಹೇಗೆ? ಈ ಪ್ರಶ್ನೆ ಲಂಡನ್ ನಗರವನ್ನು ನೂರೆಪ್ಪತ್ತು ವರ್ಷಗಳ ಹಿಂದೆಯೇ ಕಾಡಿತ್ತು.

1846ರಲ್ಲಿ ಆ್ಯನಾ ಥಿನ್ ಎಂಬ ಮಹಿಳೆ ಟಾರ್ಕೀ ತೀರದಿಂದ ಹವಳದ ಜೀವಿಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದರು. ನೀರಿಗೆ ಗಾಳಿ ಬೆರೆಯಲೆಂದು ಮನೆಗೆಲಸದಾಕೆ ದಿನವೂ ಅರ್ಧ ಮುಕ್ಕಾಲು ಗಂಟೆ ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಕೀರ್ತಿ ಥಿನ್ ಅವರಿಗೆ ಬಂತು, ರಟ್ಟೆನೋವು ಆಕೆಗೆ! ಮುಂದೆ ಕಡಲ ಸಸ್ಯಗಳು ಆ ಕೆಲಸವನ್ನು ವಹಿಸಿಕೊಂಡವು.

ಉಳಿದದ್ದು ನೀರಿನ ಚಿಂತೆ. ಕಡಲನೀರನ್ನು ತೀರದಿಂದ ಹೊತ್ತು ತರುವುದು ದುಬಾರಿ. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞರು ಅದನ್ನು ಮನೆಯಲ್ಲೇ ತಯಾರಿಸಿದರು. ಅಡುಗೆಯ ಉಪ್ಪು ಮೂರೂವರೆ ಔನ್ಸ್, ಎಪ್ಸಮ್ ಉಪ್ಪು ಕಾಲು ಔನ್ಸ್, ಮೆಗ್ನೀಷಿಯಂ ಕ್ಲೋರೈಡ್ 200 ಗ್ರೇನ್, ಪೊಟ್ಯಾಸಿಯಂ ಕ್ಲೋರೈಡ್ 40 ಗ್ರೇನ್. ಇವಕ್ಕೆ ನಾಲ್ಕು ಕ್ವಾರ್ಟ್‌ಗಿಂತ ತುಸು ಕಡಿಮೆ ಸಿಹಿನೀರು. ನೀರು ಎಷ್ಟೆಂಬುದನ್ನು ಅವರು ಕಣ್ಣಂದಾಜಿಗೆ ಬಿಡಲಿಲ್ಲ. 1026 ಎಂದು ಗುರುತಿದ್ದ ಟೊಳ್ಳು ಗಾಜಿನ ಗುಂಡು ಆ ನೀರಿನಲ್ಲಿ ಆಗತಾನೆ ಮುಳುಗುವಂತಿರಬೇಕು. ಸಿಹಿನೀರಿನ ತೂಕ ಸಾವಿರವಾದರೆ ಅಷ್ಟೇ ಗಾತ್ರದ ಕಡಲನೀರಿನ ತೂಕ ಸುಮಾರು 1026. ನಮ್ಮ ಅಜ್ಜಿಯರು ಉಪ್ಪಿನಕಾಯಿಯ ನೀರಿಗೆ ಕೈಯಂದಾಜನ್ನೇ ನಂಬಿದ್ದರು. ಮಾವಿನಕಾಯಿ ತಡೆದುಕೊಂಡೀತು, ಜೀವಿ ತಡೆಯದು. ನೀರಿನ ಉಪ್ಪು ಒಮ್ಮೆಲೇ ಬದಲಾದರೆ ಅನೇಕ ಕಡಲಜೀವಿಗಳ ಮೈಯೊಳಗೆ ನೀರು ನುಗ್ಗುತ್ತದೆ, ಇಲ್ಲವೆ ಮೈಯಿಂದ ಹೊರಕ್ಕೆ ಸೋರುತ್ತದೆ.

ಕಡಲಿನಲ್ಲಿ ಲವಣಗಳು ಹತ್ತಾರು. ಒಂದೇ ಗುಂಡಿನಿಂದ ಎಲ್ಲವನ್ನೂ ಅಳೆದಂತಾಯಿತೇ? ಇದಕ್ಕೆ ಗಟ್ಟಿಯಾದ ಉತ್ತರ ಬಂದದ್ದು 1884ರಲ್ಲಿ. ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಸಂಚರಿಸಿ ತಂದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಪರೀಕ್ಷಿಸಿದರು. ಉಪ್ಪು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ. ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಮಾತ್ರ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಬೆರಕೆ ಸರಿಯಾಗಿದ್ದರೆ ಒಟ್ಟು ಉಪ್ಪನ್ನು ಅಳೆದರೆ ಸಾಕು.

ಇಂದು ಒಂದೇ ಹನಿ ನೀರಿನಿಂದ ಉಪ್ಪನ್ನು ತಿಳಿಸುವ ವಕ್ರೀಭವನಮಾಪಕಗಳಿವೆ. ಸಾವಿರಕ್ಕೆ 35 ಭಾಗ ಉಪ್ಪೆಂದರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗಾಸ್ ಅವರ ಆ 1026ಕ್ಕೇ ಹತ್ತಿರ. ಹೊಸ ಮೀನು ತಂದಾಗ ಚೀಲದ ನೀರನ್ನೂ ತೊಟ್ಟಿಯ ನೀರನ್ನೂ ಅಳೆದು, ಅಂತರವಿದ್ದರೆ ಮೆಲ್ಲಗೆ ಹೊಂದಿಸಬೇಕು. ತೊಟ್ಟಿಯ ನೀರು ಆವಿಯಾಗಿ ತಗ್ಗಿದಾಗ ಅನೇಕರು ಉಪ್ಪುನೀರನ್ನೇ ತುಂಬುತ್ತಾರೆ. ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿರುತ್ತದೆ. ಆದ್ದರಿಂದ ತುಂಬಬೇಕಾದದ್ದು ಸಿಹಿನೀರು.