ಕಾರ್ಖಾನೆ ಮುಚ್ಚಿದ ಮೇಲೂ ಓಡಿದ ಬೈಕು

ಹಳೆಯ ಮೋಟಾರ್ ಸೈಕಲ್ಲೊಂದನ್ನು ದಿನದ ಓಡಾಟಕ್ಕೆ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಗೆ ಜನ ಟ್ಯಾಂಕಿನ ಬಣ್ಣದಲ್ಲಿ, ಸೈಲೆನ್ಸರಿನ ಸದ್ದಿನಲ್ಲಿ, ಹೆಚ್ಚೆಂದರೆ ಎಂಜಿನ್ನಿನ ತಾಕತ್ತಿನಲ್ಲಿ ಉತ್ತರ ಹುಡುಕುತ್ತಾರೆ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಚರಿತ್ರೆಯನ್ನು ಗಮನಿಸಿದರೆ ಉತ್ತರ ಇರುವ ಜಾಗ ಬೇರೆ ಎಂದು ತೋರುತ್ತದೆ. ಕಂಪನಿ ಮುಚ್ಚಿತು, ಷೋರೂಮುಗಳು ಹೋದವು, ಕೆಟ್ಟರೆ ಕೇಳೋಣವೆಂದರೆ ಮಾಡಿದವರೇ ಇರಲಿಲ್ಲ. ಆದರೂ ಆ ಬೈಕುಗಳಲ್ಲಿ ಒಂದಷ್ಟು ವರ್ಷಗಟ್ಟಲೆ ಹಾಲಿನ ಕ್ಯಾನು ಹೊತ್ತವು, ಆಫೀಸಿಗೆ ಹೋದವು, ಚಾಮುಂಡಿ ಬೆಟ್ಟ ಹತ್ತಿದವು. ಅವನ್ನು ಹೀಗೆ ಓಡಿಸಿದ್ದು ಊರು ಎಂಬುದು ನನ್ನ ವಾದ: ಬಿಚ್ಚಿ ಜೋಡಿಸಬಲ್ಲ ಕೈಗಳು, ಬೋರ್ ಮಾಡಿಕೊಡುವ ಲೇತ್ ಅಂಗಡಿಗಳು, ಹುಡುಕಿದರೆ ಪಾರ್ಟ್ಸ್ ಸಿಗುವ ಗಲ್ಲಿಗಳು. ಈ ಮೂರೂ ಇದ್ದಲ್ಲಿ ಐವತ್ತು ವರ್ಷದ ಹಿಂದಿನ ಗಾಡಿ ದಿನಬಳಕೆಯದಾಗಿ ಉಳಿಯುತ್ತದೆ. ಇಲ್ಲದಲ್ಲಿ ಹದಿನೈದು ವರ್ಷದ ಗಾಡಿಯೂ ಗುಜರಿಗೆ ಹೋಗುತ್ತದೆ.

ಈ ಕಥೆ ಶುರುವಾಗುವುದು ಆಮದಿನ ಮೇಲಿನ ಕಡಿವಾಣದಿಂದ. 1950ರ ದಶಕದಲ್ಲಿ ಹೊರದೇಶದ ಬೈಕುಗಳನ್ನು ತಂದು ಮಾರುವುದು ಕಷ್ಟವಾಗುತ್ತ ಹೋದಂತೆ, ಇಲ್ಲೇ ತಯಾರಿಸುವವರಿಗೆ ಮಾತ್ರ ದಾರಿ ಉಳಿಯಿತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್‌ನ ಜೋಡಣೆ ಆರಂಭವಾಯಿತು. ಉತ್ತರದಲ್ಲಿ ಎಸ್ಕಾರ್ಟ್ಸ್ ಕಂಪನಿ ಪೋಲೆಂಡಿನ ಮಾದರಿಯೊಂದನ್ನು ರಾಜ್‌ದೂತ್ ಹೆಸರಿನಲ್ಲಿ ತಂದಿತು. ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಮುಂಬಯಿಯಲ್ಲಿ ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ, ಫಾರೂಕ್ ಇರಾನಿಯವರ ಜೊತೆಗೂಡಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ 1961ರಲ್ಲಿ ಅದನ್ನು ಉದ್ಘಾಟಿಸಿದರು. ರೈಲ್ವೆ ವರ್ಕ್‌ಶಾಪ್, ಗಿರಣಿ, ರೇಷ್ಮೆ ಮತ್ತು ಗಂಧದೆಣ್ಣೆಯ ಕಾರ್ಖಾನೆಗಳು ಮೊದಲೇ ಇದ್ದ ಊರಿಗೆ ಯಂತ್ರದ ಕೆಲಸ ಹೊಸದಲ್ಲ. ಗಮನಿಸಬೇಕಾದದ್ದು ಇಷ್ಟು: ಈ ಮೂರು ಕಂಪನಿಗಳೂ ತಂದದ್ದು ಯುರೋಪಿನಲ್ಲಿ ಆಗಲೇ ರೂಢಿಯಲ್ಲಿದ್ದ ಮಾದರಿಗಳನ್ನು, ಮತ್ತು ಲೈಸೆನ್ಸ್ ಪದ್ಧತಿಯ ಕಾಲದಲ್ಲಿ ಅವನ್ನು ಬದಲಿಸುವ ಒತ್ತಡ ಯಾರಿಗೂ ಇರಲಿಲ್ಲ. ಹೀಗಾಗಿ ನಮ್ಮ ಎರಡು ತಲೆಮಾರುಗಳ ಪಾಲಿಗೆ ಹಳೆಯ ಮಾದರಿಯ ಬೈಕೇ ಹೊಸ ಬೈಕು. 1950ರ ದಶಕದ ವಿನ್ಯಾಸವನ್ನು 1980ರಲ್ಲಿ ಹೊಸದಾಗಿ ಕೊಂಡು, ಅದರ ಮೇಲೆ ಸಂಸಾರ ಸಾಗಿಸಿದ ಜನ ನಾವು. ಬೇರೆ ದೇಶಗಳಲ್ಲಿ ರೆಟ್ರೋ ಎನ್ನುವುದು ಬಿಟ್ಟುಹೋದದ್ದನ್ನು ಮತ್ತೆ ಕರೆತರುವ ಕೆಲಸವಾದರೆ, ಇಲ್ಲಿ ಬಹುಕಾಲ ಯಾವುದೂ ಬಿಟ್ಟೇ ಹೋಗಿರಲಿಲ್ಲ.

ಆ ದೀರ್ಘ ಕಾಲ ಒಂದು ಉಪಕಾರ ಮಾಡಿತು. ಒಂದೇ ಎಂಜಿನ್ನನ್ನು ಮೂವತ್ತು ವರ್ಷ ಬಿಚ್ಚಿದರೆ ಊರಿಗೆ ಊರೇ ಅದನ್ನು ಕಲಿಯುತ್ತದೆ. ಮೈಸೂರಿನ ಮೊದಲ ಜಾವಾದ್ದು 248.5 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು, ಆ ದಶಕದ ಕೊನೆಯಲ್ಲಿ ರೋಡ್‌ಕಿಂಗ್ ಬಂತು, ಆಯಿಲ್ ಪಂಪಿನ ಆಯಿಲ್ ಕಿಂಗ್ ಬಂತು. ಎಂಜಿನ್ನಿನ ಜಾಯಮಾನ ಮಾತ್ರ ಬದಲಾಗಲಿಲ್ಲ. ಟೂ ಸ್ಟ್ರೋಕ್‌ನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಆಡುತ್ತ ಸಿಲಿಂಡರಿನ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಹಾಗಾಗಿ ಕೆಡುವ ಭಾಗಗಳೇ ಕಡಿಮೆ. ಎರಕದ ಕಬ್ಬಿಣದ ಸಿಲಿಂಡರ್ ಸವೆದರೆ ಲೇತ್‌ನವನ ಹತ್ತಿರ ಬೋರ್ ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿದರೆ ಎಂಜಿನ್ನಿಗೆ ಇನ್ನೊಂದು ಆಯುಸ್ಸು. ಅದು ಸವೆದರೆ ಮತ್ತೊಂದು ಸೈಜು. ಗೇರ್ ಹಾಕುವ ಕಡ್ಡಿಯನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವ ಜಾವಾದ ಏರ್ಪಾಟು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಅದೇ ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನಾಗಿ ಬಿಡುವಂಥ ವ್ಯವಸ್ಥೆಯೂ ಅದರಲ್ಲಿತ್ತು. ಇವೆಲ್ಲ ಚಮತ್ಕಾರಗಳೇ, ಆದರೆ ಮುಚ್ಚಳ ತೆಗೆದರೆ ಕಣ್ಣಿಗೆ ಕಾಣುವ ಚಮತ್ಕಾರಗಳು. ಪಾಯಿಂಟ್ ಗ್ಯಾಪ್ ಹೊಂದಿಸುವುದು, ಕಾರ್ಬುರೇಟರ್ ತೊಳೆಯುವುದು, ಸೈಲೆನ್ಸರಿನ ಕರಿ ಕೆರೆಯುವುದು: ಇವನ್ನು ಹದಿನಾರರ ಹುಡುಗನೂ ಗ್ಯಾರೇಜಿನಲ್ಲಿ ನೋಡುತ್ತಲೇ ಕಲಿತುಬಿಡುತ್ತಿದ್ದ.

1980ರ ದಶಕದಲ್ಲಿ ಜಪಾನಿನ ಕಂಪನಿಗಳ ಜೊತೆಗಾರಿಕೆಗೆ ಬಾಗಿಲು ತೆರೆದಾಗ ಲೆಕ್ಕಾಚಾರ ಬುಡಮೇಲಾಯಿತು. 1985ರಲ್ಲಿ ಬಂದ ಹೀರೋ ಹೋಂಡಾ ಫೋರ್ ಸ್ಟ್ರೋಕ್ ಬೈಕಿನ ಮೈಲೇಜಿನ ಎದುರು ಯೆಜ್ಡಿ ಅದರ ಅರ್ಧದಷ್ಟೂ ಕೊಡುತ್ತಿರಲಿಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಬೇರೆ. 1991ರಲ್ಲಿ ಹೊಗೆಯ ಮಿತಿಗಳು ಬಂದವು, 1996ರಲ್ಲಿ ಬಿಗಿಯಾದವು. ಅದೇ ವರ್ಷ ಯಾದವಗಿರಿಯ ಕಾರ್ಖಾನೆ ನಿಂತುಹೋಯಿತು. ಯಂತ್ರ ಸೋತದ್ದು ಸುಳ್ಳಲ್ಲ, ಮತ್ತು ನ್ಯಾಯವಾಗಿಯೇ ಸೋತಿತು.

ಆದರೆ ನಿಜವಾದ ಪರೀಕ್ಷೆ ನಡೆದದ್ದು ಆಮೇಲೆ. ಕಾರ್ಖಾನೆಯಲ್ಲಿ ದುಡಿದವರ ಕೈಯಲ್ಲಿದ್ದ ವಿದ್ಯೆಗೆ ಬೀಗ ಬೀಳಲಿಲ್ಲ. ಅವರಲ್ಲಿ ಎಷ್ಟೋ ಜನ ಗ್ಯಾರೇಜು ತೆರೆದರು, ಇಲ್ಲವೇ ಇದ್ದ ಗ್ಯಾರೇಜಿನವರಿಗೆ ಗುರುಗಳಾದರು. ಮೈಸೂರು, ಬೆಂಗಳೂರುಗಳಲ್ಲಿ ಯೆಜ್ಡಿ ಓಡಿಸುವವರು ಕೂಟ ಕಟ್ಟಿಕೊಂಡು, ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ ಆಚರಿಸತೊಡಗಿದರು. ಯೆಜ್ಡಿಯ ಕಾಲದ ಇನ್ನೆರಡು ಬೈಕುಗಳನ್ನು ಪಕ್ಕಕ್ಕಿಟ್ಟು ನೋಡಿದರೆ ನನ್ನ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. 1983ರಲ್ಲಿ ಬಂದ ರಾಜ್‌ದೂತ್ 350, ಯಮಹಾದ ಆರ್‌ಡಿ 350ರ ಭಾರತೀಯ ರೂಪ. ಎರಡು ಸಿಲಿಂಡರ್, ಆರು ಗೇರು, ಸುಮಾರು 30 ಅಶ್ವಶಕ್ತಿ. ಯಂತ್ರವಾಗಿ ಯೆಜ್ಡಿಗಿಂತ ಎಷ್ಟೋ ಮೇಲು. ಆದರೆ ಅದು ಮಾರಾಟವಾದದ್ದು ಕಡಿಮೆ, ತಯಾರಾದ ವರ್ಷಗಳೂ ಕಡಿಮೆ, ಪಾರ್ಟ್ಸ್ ದುಬಾರಿ. ಇಂದು ಅದು ಸಂಗ್ರಾಹಕರ ಒಡವೆ; ಅದರ ಮೇಲೆ ದಿನಾ ತರಕಾರಿ ತರಲು ಹೋಗುವವರು ವಿರಳ. 1985ರ ಯಮಹಾ ಆರ್‌ಎಕ್ಸ್ 100 ಇದಕ್ಕೆ ತಿರುವುಮುರುವು. 98 ಸಿಸಿಯ ಸಣ್ಣ ಗಾಡಿ, ಆದರೆ ಊರೂರಿನಲ್ಲೂ ಅದನ್ನು ಬಲ್ಲ ಮೆಕ್ಯಾನಿಕ್ ಇದ್ದ, ಪಾರ್ಟ್ಸ್ ಇದ್ದವು. ಹಾಗಾಗಿ ಅದು ಇಂದಿಗೂ ರಸ್ತೆಯ ಮೇಲಿದೆ. ಎಂಜಿನ್ನಿನ ಗುಣಮಟ್ಟವೊಂದೇ ಆಯುಸ್ಸನ್ನು ನಿರ್ಧರಿಸುವುದಾದರೆ ಈ ಎರಡರ ಪಾಡು ಅದಲುಬದಲಾಗಬೇಕಿತ್ತು.

ಉಳಿದವನ್ನು ಮಾತ್ರ ನೋಡಿ ಹೀಗೆ ಹೇಳುತ್ತಿದ್ದೀರಿ, ಗುಜರಿಗೆ ಹೋದ ಯೆಜ್ಡಿಗಳೇ ಹೆಚ್ಚಲ್ಲವೇ ಎಂದು ಕೇಳಬಹುದು. ಹೌದು, ಹೆಚ್ಚಿನವು ಹೋದವು, ಮತ್ತು ಅದು ನನ್ನ ಮಾತನ್ನೇ ಬಲಪಡಿಸುತ್ತದೆ: ಒಂದೇ ಕಾರ್ಖಾನೆಯ, ಒಂದೇ ಬಗೆಯ ಗಾಡಿಗಳಲ್ಲಿ ಕೆಲವು ಉಳಿದು ಕೆಲವು ಅಳಿದವೆಂದರೆ, ವ್ಯತ್ಯಾಸ ಯಂತ್ರದಲ್ಲಿರಲಾರದು. ಹೊಗೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಒಳಬರುವ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಹೊರಹೋಗುವ ಕಿಂಡಿಯಿಂದ ನುಸುಳಿಹೋಗುತ್ತದೆ. ಅದು ಆ ರಚನೆಗೇ ಅಂಟಿದ ದೋಷ, ಎಷ್ಟು ಟ್ಯೂನ್ ಮಾಡಿಸಿದರೂ ಪೂರ್ತಿ ಹೋಗದು. ಇದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಬೆಂಗಳೂರಿನಂಥ ಊರಿನ ಸಿಗ್ನಲ್ಲುಗಳಲ್ಲಿ ದಿನಕ್ಕೆರಡು ಹೊತ್ತು ನಿಲ್ಲಬೇಕಾದವರು ಟೂ ಸ್ಟ್ರೋಕ್ ಗಾಡಿಯನ್ನು ದಿನಬಳಕೆಗೆ ಆರಿಸಬಾರದೆಂದೇ ನಾನು ಹೇಳುತ್ತೇನೆ. ಹಳೆಯದೇ ಬೇಕಾದರೆ ಬುಲೆಟ್‌ನಂಥ ಫೋರ್ ಸ್ಟ್ರೋಕ್ ಇದೆ. ಬ್ರೇಕಿನ ವಿಚಾರವೂ ಅಷ್ಟೇ ಗಂಭೀರ. ಹಳೆಯ ಡ್ರಮ್ ಬ್ರೇಕು, ಮಂಕು ಹೆಡ್‌ಲೈಟುಗಳು ಅಂದಿನ ವೇಗಕ್ಕೆ, ಅಂದಿನ ಖಾಲಿ ರಸ್ತೆಗೆ ಹೊಂದಿದವು. 2019ರಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿರುವುದು ಸುಮ್ಮನೆ ಅಲ್ಲ. ಊರೊಳಗಿನ ನಿಧಾನದ ಓಡಾಟಕ್ಕೆ ಯೆಜ್ಡಿ ಸಾಕು. ಮೈಸೂರು–ಬೆಂಗಳೂರಿನ ನಡುವೆ ಲಾರಿಗಳ ಸರಿಸಮ ಓಡಬೇಕೆನ್ನುವವರಿಗೆ ಸಾಲದು. ಅಲ್ಲಿಯ ಹೊಸ ಹೆದ್ದಾರಿಯ ಮುಖ್ಯ ರಸ್ತೆಯಲ್ಲಂತೂ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೇ ಪ್ರವೇಶವಿಲ್ಲ.

ಕಾನೂನು ಕೂಡ ಈ ಆಯ್ಕೆಯ ಒಂದು ಭಾಗ. ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಪರೀಕ್ಷೆಗೆ ಒಡ್ಡಿ ನವೀಕರಿಸಬೇಕು. 2021ರಲ್ಲಿ ಬಂದ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಹಾಗೆ ನೋಂದಾಯಿಸಿದ್ದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೈಸೂರಿನ ಮೊದಲ ಜಾವಾಗಳೆಲ್ಲ ಈಗ ಆ ವಯಸ್ಸು ದಾಟಿವೆ. ಗೌರವದ ನಂಬರ್ ಪ್ಲೇಟು ಬೇಕೋ, ಸಂತೆಗೆ ಹೋಗುವ ಗಾಡಿ ಬೇಕೋ ಎಂದು ಯಜಮಾನ ನಿರ್ಧರಿಸಬೇಕು.

ಇದೇ ಅಳತೆಗೋಲನ್ನು ಹಳೆಯ ರೂಪದ ಹೊಸ ಬೈಕುಗಳಿಗೂ ಹಿಡಿಯಬೇಕು. 2018ರಲ್ಲಿ ಜಾವಾ ಹೆಸರು ಮರಳಿತು. ಈ ಸಲ ಕಾರ್ಖಾನೆ ಮಧ್ಯಪ್ರದೇಶದ ಪೀಥಂಪುರದಲ್ಲಿ. ಎರಡು ಸೈಲೆನ್ಸರ್ ಉಳಿದವು, ಒಳಗೆ 293 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ ಬಂತು, ಅದನ್ನು ತಂಪುಮಾಡಲು ರೇಡಿಯೇಟರ್ ಬಂತು. ರಾಯಲ್ ಎನ್‌ಫೀಲ್ಡ್ 2009ರಲ್ಲಿ ಕ್ಲಾಸಿಕ್ ತಂದಾಗಲೂ ಹೊರಗಿನ ರೂಪ ಹಳೆಯದು, ಎಂಜಿನ್ ಹೊಸದು. ಇದರಲ್ಲಿ ಮೋಸವೇನೂ ಇಲ್ಲ. ಹೊಗೆ ಕಡಿಮೆ, ಬ್ರೇಕು ಚೆನ್ನ. ದಿನಬಳಕೆಗೆ ಇವೆರಡರಲ್ಲಿ ಒಂದನ್ನು ಆರಿಸುವುದಾದರೆ ನಾನು ಕ್ಲಾಸಿಕ್‌ನ ಪರ, ಮತ್ತು ಕಾರಣ ಅದರ ಚಂದವಲ್ಲ: ಅದು ಅಪಾರ ಸಂಖ್ಯೆಯಲ್ಲಿ ಮಾರಾಟವಾಗಿದೆ, ಸಣ್ಣ ಊರುಗಳಲ್ಲೂ ಅದನ್ನು ಬಿಚ್ಚಬಲ್ಲವರು ಸಿಗುತ್ತಾರೆ. ಮೈಸೂರಿನ ಅಭಿಮಾನ ಜಾವಾದ ಕಡೆ ಎಳೆದರೂ ಲೆಕ್ಕ ಇತ್ತ ಕಡೆಯೇ ವಾಲುತ್ತದೆ. ಆದರೆ 2020ರ ಬಿಎಸ್ 6 ನಿಯಮದ ನಂತರದ ಬೈಕುಗಳೆಲ್ಲ ಸೆನ್ಸರು, ಇಸಿಯುಗಳ ಮೇಲೆ ನಡೆಯುವಂಥವು. ಅವುಗಳ ದೋಷ ಓದುವ ಸ್ಕ್ಯಾನರ್ ಮತ್ತು ಮಾಹಿತಿ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮಾತ್ರ ಉಳಿದರೆ, ಕಂಪನಿ ಕೈಬಿಟ್ಟ ದಿನ ಯೆಜ್ಡಿಗೆ ಸಿಕ್ಕ ಎರಡನೆಯ ಬದುಕು ಇವಕ್ಕೆ ಸಿಗಲಾರದು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಆ ಹಕ್ಕು ಬರಿಯ ಕಾಗದದ ಮೇಲೆ ನಿಲ್ಲದೆ, ಸರ್ವಿಸ್ ಮ್ಯಾನ್ಯುಯಲ್ಲೂ ಸ್ಕ್ಯಾನರೂ ನಂಜನಗೂಡಿನ, ಹುಣಸೂರಿನ ಗ್ಯಾರೇಜುಗಳಿಗೆ ಕೈಗೆಟಕುವ ಬೆಲೆಗೆ ಸಿಗುವಂತಾಗಬೇಕು.