ಎರಡು ಕಪಾಟುಗಳ ನಡುವಿನ ಕಾದಂಬರಿಗಾರ್ತಿ

ಕನ್ನಡದ ಕಾದಂಬರಿಗಾರ್ತಿಯರ ಮಾತೆತ್ತಿದರೆ ಎರಡು ಬೇರೆಬೇರೆ ಪಟ್ಟಿಗಳು ಹೊರಬರುತ್ತವೆ. ವಿಚಾರ ಸಂಕಿರಣಗಳಲ್ಲಿ ಕೇಳಿಬರುವುದು ವೈದೇಹಿ, ಸಾರಾ ಅಬೂಬಕ್ಕರ್, ಗೀತಾ ನಾಗಭೂಷಣ, ಈಚೆಗೆ ಬಾನು ಮುಷ್ತಾಕ್. ಮನೆಯ ಅತ್ತೆಯನ್ನೋ ದೊಡ್ಡಮ್ಮನನ್ನೋ ಕೇಳಿದರೆ ವಾಣಿ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ಅಶ್ವಿನಿ, ಸಾಯಿಸುತೆ ಎಂದು ಬೆರಳು ಮಡಚುತ್ತಾರೆ. ಎರಡೂ ಕಡೆ ಸಲ್ಲುವವರು ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನರಂಥ ಕೆಲವರು ಮಾತ್ರ. ನಮ್ಮ ಸಾಹಿತ್ಯಚರಿತ್ರೆ ಮೊದಲ ಪಟ್ಟಿಯನ್ನು ಮುತುವರ್ಜಿಯಿಂದ ಎತ್ತಿಕೊಂಡಿತು, ಎರಡನೆಯದಕ್ಕೆ ‘ಜನಪ್ರಿಯ’ ಎಂಬ ಚೀಟಿ ಅಂಟಿಸಿ ಬೇರೆ ಕಪಾಟಿನಲ್ಲಿಟ್ಟಿತು. ಹಾಗಾಗಿ ಹೆಂಗಸರು ಯಾವ ಹೊತ್ತಿನಲ್ಲಿ ಬರೆದರು, ಯಾವ ಹೆಸರಿನಲ್ಲಿ ಬರೆದರು, ಬರೆದದ್ದು ಹೇಗೆ ಅಚ್ಚಾಯಿತು, ಯಾರ ಕೈ ಸೇರಿತು ಎಂಬ ಕಥೆಯಲ್ಲಿ ಅರ್ಧವೇ ನಮಗೆ ದಕ್ಕಿದೆ.

ಶಾಂತಾಬಾಯಿ ನೀಲಗಾರರ ‘ಸದ್ಗುಣಿ ಕೃಷ್ಣಾಬಾಯಿ’ 1908ರಲ್ಲೇ ಬಂದಿತ್ತು. ಆದರೆ ಬರವಣಿಗೆಯನ್ನೇ ಬದುಕಾಗಿ ಹಿಡಿದ ಮೊದಲಿಗರು ನಂಜನಗೂಡು ತಿರುಮಲಾಂಬ. 1887ರಲ್ಲಿ ಹುಟ್ಟಿ, ಎಳವೆಯಲ್ಲೇ ಮದುವೆಯಾಗಿ, ಸಂಸಾರ ಹೂಡುವ ಮುನ್ನವೇ ಗಂಡನನ್ನು ಕಳೆದುಕೊಂಡವರು. ವಕೀಲರಾಗಿದ್ದ ತಂದೆ ಮಗಳ ಓದಿಗೆ ಅಡ್ಡ ಬರಲಿಲ್ಲ, ಬೆನ್ನಿಗೇ ನಿಂತರು. 1913ರಲ್ಲಿ ‘ಸತಿಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ ತಮ್ಮ ‘ಸುಶೀಲೆ’ ಕಾದಂಬರಿಯನ್ನು ತಾವೇ ಪ್ರಕಟಿಸಿದರು. 1916ರಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ತಂದರು. ಮಂಗಳಕಾರ್ಯದ ಮನೆಯಲ್ಲಿ ಎದುರು ಬರಬಾರದೆಂದು ಸಮಾಜ ಹೇಳುತ್ತಿದ್ದ ಹೆಣ್ಣು ಅದೇ ಸಮಾಜದ ಮನೆಮನೆಗೆ ಅಂಚೆಯಲ್ಲಿ ಹೋಗತೊಡಗಿದಳು. ಅವರ ಕಥಾನಾಯಕಿಯರು ಪಾತಿವ್ರತ್ಯದ ಪಾಠವನ್ನು ಧಾರಾಳವಾಗಿ ಒಪ್ಪಿಸುತ್ತಾರೆ, ಇಂದು ಓದಲು ಕೂತರೆ ತಾಳ್ಮೆ ಬೇಕು. ಬರೆದವರ ಬದುಕೇ ಬರೆದದ್ದಕ್ಕಿಂತ ಎಷ್ಟೋ ಮುಂದಿತ್ತು. ಮಾಸ್ತಿಯವರ ಕಟುವಿಮರ್ಶೆಯಿಂದ ನೊಂದು ಅವರು ಲೇಖನಿ ಕೆಳಗಿಟ್ಟರು ಎಂಬ ಮಾತು ಸಾಹಿತ್ಯವಲಯದಲ್ಲಿ ಇಂದಿಗೂ ಓಡಾಡುತ್ತಿದೆ. ಕಾರಣ ಅದೊಂದೇ ಇರಲಾರದು. ಆದರೆ ಬರೆಯುವುದನ್ನು ನಿಲ್ಲಿಸಿದ ಮೇಲೂ ದಶಕಗಟ್ಟಲೆ, 1982ರವರೆಗೆ, ಅವರು ಬದುಕಿದ್ದರು. ಅಷ್ಟು ದೀರ್ಘ ಮೌನದ ಬಗ್ಗೆ ನಮ್ಮ ಚರಿತ್ರಕಾರರು ಹೆಚ್ಚು ತಲೆಕೆಡಿಸಿಕೊಂಡಂತೆ ಕಾಣುವುದಿಲ್ಲ.

ಅನಂತರದ ಮೂರು ದಶಕಗಳಲ್ಲಿ ಹೆಂಗಸರ ಬರವಣಿಗೆಗೆ ಸಣ್ಣಕತೆಯೇ ಹೆಚ್ಚು ಒಗ್ಗಿತು. ಆರ್. ಕಲ್ಯಾಣಮ್ಮ ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಕೊಡಗಿನ ಗೌರಮ್ಮ 1939ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ನೀರುಪಾಲಾದರು. ಅವರ ‘ಕಂಬನಿ’ ಬೆಳಕು ಕಂಡದ್ದು ಆಮೇಲೆ. ಗೌರಮ್ಮ ಬರೆಯುತ್ತಿದ್ದುದು ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂಬ ಹೆಸರಿನಲ್ಲಿ, ಅಂದರೆ ಗಂಡನ ಹೆಸರಿನ ಮರೆಯಲ್ಲಿ. ಮುಂದಿನ ತಲೆಮಾರಿನವರು ಬೇರೆ ದಾರಿ ಹುಡುಕಿಕೊಂಡರು. ಅನಸೂಯಾ ತ್ರಿವೇಣಿಯಾದರು, ಸುಬ್ಬಮ್ಮ ವಾಣಿಯಾದರು, ವೆಂಕಟಲಕ್ಷ್ಮಿ ಅನುಪಮಾ ಆದರು, ಜಾನಕಿ ವೈದೇಹಿಯಾದರು, ರತ್ನ ಸಾಯಿಸುತೆಯಾದರು. ಊರು, ತಂದೆ, ಗಂಡ ಯಾವುದೂ ಅಂಟದ ಪುಟ್ಟ ಹೆಸರುಗಳು. (ಇದರ ಜತೆಗೊಂದು ಗೊಂದಲವೂ ಬಂತು. ‘ಎಡಕಲ್ಲು ಗುಡ್ಡದ ಮೇಲೆ’ ಬರೆದ ಭಾರತೀಸುತ ಹೆಂಗಸೆಂದೇ ನಂಬಿದವರನ್ನು ಇವತ್ತಿಗೂ ಕಾಣಬಹುದು. ಆತ ಎಸ್.ಆರ್. ನಾರಾಯಣರಾವ್.)

ಈ ಹಾದಿಯಲ್ಲಿ ನಿಂತು ನೋಡಬೇಕಾದ ವರ್ಷ 1963. ಆ ವರ್ಷದ ಜುಲೈ ಕೊನೆಯಲ್ಲಿ ತ್ರಿವೇಣಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ. ಹತ್ತೇ ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದಿದ್ದರು. ಬಿ.ಎಂ. ಶ್ರೀಕಂಠಯ್ಯನವರ ತಮ್ಮನ ಮಗಳು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. ಆ ಓದು ಅವರ ಕಾದಂಬರಿಗಳಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ. ಹೆಣ್ಣಿನ ಮನಸ್ಸು ಕೆಟ್ಟರೆ ದೆವ್ವ ಬಡಿದಿದೆ, ಗಾಳಿ ಸೋಕಿದೆ ಎನ್ನುತ್ತಿದ್ದ ಕಾಲ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್ ಆಗಲು ಇನ್ನೂ ಹತ್ತು ವರ್ಷ ಬಾಕಿ ಇತ್ತು, ಜನ ಅದನ್ನು ಹುಚ್ಚಾಸ್ಪತ್ರೆ ಎಂದೇ ಕರೆಯುತ್ತಿದ್ದರು. ‘ಶರಪಂಜರ’ದ ಕಾವೇರಿ ಬಾಣಂತನದಲ್ಲಿ ಚಿತ್ತಸ್ವಾಸ್ಥ್ಯ ಕಳೆದುಕೊಂಡು, ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಕಾದಂಬರಿಯ ನಿಜವಾದ ಕಥೆ ಅಲ್ಲಿಂದ ಮುಂದಿನದು. ಅವಳು ನಕ್ಕರೆ, ಅತ್ತರೆ, ಸುಮ್ಮನೆ ಕೂತರೆ ಎಲ್ಲದಕ್ಕೂ ಮನೆಯವರು, ನೆರೆಹೊರೆಯವರು ಒಂದೇ ಅರ್ಥ ಹಚ್ಚುತ್ತಾರೆ. ರೋಗ ವಾಸಿಯಾದರೂ ರೋಗಿ ಎಂಬ ಪಟ್ಟ ಇಳಿಯುವುದಿಲ್ಲ. ಖಳನೆಂದು ಬೊಟ್ಟುಮಾಡಿ ಓದುಗರು ನಿರಾಳವಾಗಲು ಅಲ್ಲಿ ಅವಕಾಶವಿಲ್ಲ, ಎಲ್ಲರೂ ನಮ್ಮಂಥವರೇ.

‘ಬೆಳ್ಳಿಮೋಡ’ದಲ್ಲಿ ತ್ರಿವೇಣಿ ಇನ್ನೂ ಚುರುಕು. ಒಬ್ಬಳೇ ಮಗಳೆಂದು, ಆಸ್ತಿಯೆಲ್ಲ ಅವಳದೇ ಎಂದು ಒಪ್ಪಿದ್ದ ವರ, ಅವಳಿಗೊಬ್ಬ ತಮ್ಮ ಹುಟ್ಟಿದ್ದೇ ಬಣ್ಣ ಬದಲಿಸುತ್ತಾನೆ. ಮುಂದೆ ಅವನೇ ಮನಸ್ಸು ತಿರುಗಿ ಬಂದಾಗ ಇಂದಿರಾ ಬೇಡವೆನ್ನುತ್ತಾಳೆ. ಪ್ರೇಮಕಥೆ ಎಂದು ಓದಿಸಿಕೊಂಡು ಹೋಗುವ ಈ ಪುಸ್ತಕ ಒಳಗೆ ಆಸ್ತಿಯ ಲೆಕ್ಕಪತ್ರ. ಇದನ್ನು ‘ಮಧ್ಯಮವರ್ಗದ ಭಾವುಕ ಕಾದಂಬರಿ’ ಎಂದು ತಳ್ಳಿಹಾಕಿದ ವಿಮರ್ಶೆ ಇನ್ನೊಮ್ಮೆ ಓದಿ ನೋಡಬೇಕಿತ್ತು.

ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂತು. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಇಂದಿರಾಗೆ ಆಗ ನಲವತ್ತಾರು ವರ್ಷ. ಸಿಕ್ಕಿದ್ದು ಅಲ್ಪಸ್ವಲ್ಪ ಶಾಲೆ, ಚಿಕ್ಕಂದಿನಲ್ಲೇ ಮದುವೆ, ಆಮೇಲೆ ಸಂಸಾರ. ತ್ರಿವೇಣಿಯವರದು ಆತುರದಲ್ಲಿ ಸುಟ್ಟುಹೋದ ಬದುಕಾದರೆ ಇವರದು ತಡವಾಗಿ ತೆರೆದುಕೊಂಡದ್ದು. ಮಕ್ಕಳು ದೊಡ್ಡವರಾದ ಮೇಲೆ ಬರೆಯಲು ಕೂತ ಹೆಂಗಸರ ದೊಡ್ಡ ಸಾಲು ನಮ್ಮಲ್ಲಿದೆ, ಅದರ ಮುಂಚೂಣಿಯಲ್ಲಿ ಇಂದಿರಾ ಇದ್ದಾರೆ. ಹಾಗೆ ಕಾಯಬೇಕಾಗಿ ಬಂದದ್ದರಿಂದ ನಷ್ಟವೇ ಆಯಿತೆಂದು ಹೇಳಲಾರೆ. ಮಲೆನಾಡಿನ ಜಗಲಿ, ಹಿತ್ತಲು, ಅಡುಗೆಮನೆಗಳಲ್ಲಿ ನಲವತ್ತು ವರ್ಷ ಕಿವಿಗೆ ಬಿದ್ದ ಮಾತು ಅವರ ಗದ್ಯದಲ್ಲಿ ಹದವಾಗಿ ಇಳಿದಿದೆ.

1976ರ ‘ಫಣಿಯಮ್ಮ’ ಆ ಕಿವಿಯ ಫಲ. ಫಣಿಯಮ್ಮ ಕಲ್ಪನೆಯ ಹೆಣ್ಣಲ್ಲ, ಇಂದಿರಾ ಅವರ ಕುಟುಂಬದ ಹಿರಿಯಜ್ಜಿ. ಮಗುವಾಗಿದ್ದಾಗಲೇ ಮದುವೆ, ಆ ವಯಸ್ಸಿನಲ್ಲೇ ವೈಧವ್ಯ, ಮೈನೆರೆದ ಮೇಲೆ ತಲೆ ಬೋಳಿಸುವುದು, ಮುಂದೆ ನೂರು ದಾಟಿದ ಆಯುಸ್ಸು. ಆ ಅಜ್ಜಿ ಇಂದಿರಾ ಅವರ ತಾಯಿಗೆ ಹೇಳಿದ್ದು, ತಾಯಿ ಮಗಳಿಗೆ ಹೇಳಿದ್ದು ಕಾದಂಬರಿಯಾಯಿತು. ಫಣಿಯಮ್ಮ ಎಲ್ಲೂ ಘೋಷಣೆ ಕೂಗುವುದಿಲ್ಲ. ಮಡಿಯ ಒಳಗೇ ಇದ್ದುಕೊಂಡು, ಮನೆಯ ಕಿರಿಯ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ ಅವಳ ಪರ ಮಾತಾಡುತ್ತಾಳೆ, ಅಷ್ಟೇ. ಆ ‘ಅಷ್ಟೇ’ಯ ಹಿಂದೆ ಎಷ್ಟು ವರ್ಷಗಳ ಯೋಚನೆ ಇದೆ ಎಂಬುದು ಓದುಗರಿಗೆ ಗೊತ್ತಾಗುತ್ತದೆ. ಪ್ರೇಮಾ ಕಾರಂತ 1983ರಲ್ಲಿ ಇದನ್ನು ಸಿನಿಮಾ ಮಾಡಿದರು. ಇಂಗ್ಲಿಷಿಗೆ ತಂದವರು ತೇಜಸ್ವಿನಿ ನಿರಂಜನ, ಅನುಪಮಾ ನಿರಂಜನರ ಮಗಳು.

ಅನುಪಮಾ ವೃತ್ತಿಯಿಂದ ವೈದ್ಯೆ. ರೋಗಿಗಳನ್ನು ನೋಡುತ್ತಲೇ ಕಾದಂಬರಿ ಬರೆದರು, ಅದರ ಜತೆಗೆ ‘ತಾಯಿ–ಮಗು’, ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳನ್ನೂ ಬರೆದರು. ಮದುವೆಯ ಉಡುಗೊರೆಯಾಗಿ ‘ದಾಂಪತ್ಯ ದೀಪಿಕೆ’ ಕೊಡುವ ರೂಢಿಯೇ ಬೆಳೆಯಿತು. ಮನೆಯ ಹಿರಿಯರು ಬಾಯಿಬಿಟ್ಟು ಹೇಳಲಾಗದ ಎಷ್ಟೋ ವಿಷಯಗಳನ್ನು ಹೊಸ ಹುಡುಗಿಯರು ಅನುಪಮಾ ಅವರಿಂದ ತಿಳಿದರು. ಪುರಾಣದ ‘ಮಾಧವಿ’ಯನ್ನು ಅವರು ಎತ್ತಿಕೊಂಡಾಗಲೂ ಕಣ್ಣು ವೈದ್ಯೆಯದೇ: ಕುದುರೆಗಳಿಗಾಗಿ ರಾಜನಿಂದ ರಾಜನಿಗೆ ದಾಟಿಸಲ್ಪಡುವ ಹೆಣ್ಣು ಪ್ರತಿ ಬಾರಿಯೂ ಹೆರಬೇಕು, ಹೆತ್ತದ್ದನ್ನು ಬಿಟ್ಟು ನಡೆಯಬೇಕು. ತಮ್ಮದೇ ಕ್ಯಾನ್ಸರಿನ ಜತೆ ವರ್ಷಗಟ್ಟಲೆ ಸೆಣಸುತ್ತ ಬರೆದ ಅವರು 1991ರಲ್ಲಿ ತೀರಿಕೊಂಡರು.

ಇನ್ನು ಎರಡನೆಯ ಕಪಾಟು. ಅದನ್ನು ತುಂಬಿದ್ದು ವಾರಪತ್ರಿಕೆ, ಬಾಡಿಗೆ ಪುಸ್ತಕದಂಗಡಿ, ಸಿನಿಮಾ, ಈ ಮೂರರ ಕೂಟ. 1965ರಲ್ಲಿ ‘ಸುಧಾ’ ಬಂತು, ಎಂಬತ್ತರ ದಶಕದಲ್ಲಿ ‘ತರಂಗ’. ‘ಪ್ರಜಾಮತ’, ‘ಮಲ್ಲಿಗೆ’, ‘ತುಷಾರ’, ‘ರಾಗಸಂಗಮ’ಗಳಿಗೂ ಧಾರಾವಾಹಿ ಬೇಕಿತ್ತು. ಕಂತುಗಳ ಹಾಳೆ ಕಿತ್ತು, ದಬ್ಬಳದಿಂದ ಹೊಲಿದು, ರಟ್ಟು ಹಾಕಿ ಇಟ್ಟುಕೊಂಡ ‘ಪುಸ್ತಕ’ಗಳು ಹಳೆಯ ಮನೆಗಳ ಅಟ್ಟದಲ್ಲಿ ಈಗಲೂ ಸಿಗುತ್ತವೆ. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ಠೇವಣಿ ಇಟ್ಟು, ಬೆಲೆಯ ಒಂದು ಪಾಲನ್ನು ಬಾಡಿಗೆಯಾಗಿ ಕೊಟ್ಟು ಒಯ್ದ ಕಾದಂಬರಿಯನ್ನು ವಾಪಸು ಮಾಡುವ ಮುನ್ನ ಅಕ್ಕಪಕ್ಕದ ಮನೆಯವರೂ ಓದುತ್ತಿದ್ದರು. ಅಚ್ಚಾದ ಪ್ರತಿಗಳ ಲೆಕ್ಕದಿಂದ ಆ ಓದುಗ ಸಮೂಹವನ್ನು ಅಳೆಯಲಾಗದು.

ಸಿನಿಮಾದವರಿಗೆ ಇದು ವಿಮರ್ಶಕರಿಗಿಂತ ಮೊದಲೇ ಅರ್ಥವಾಗಿತ್ತು. ಪುಟ್ಟಣ್ಣ ಕಣಗಾಲರ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ: ‘ಬೆಳ್ಳಿಮೋಡ’ (1967), ‘ಶರಪಂಜರ’ (1971) ತ್ರಿವೇಣಿಯವರದು. ‘ಗೆಜ್ಜೆಪೂಜೆ’ (1969) ಎಂ.ಕೆ. ಇಂದಿರಾ ಅವರದು. ‘ಶುಭಮಂಗಳ’ (1975) ವಾಣಿಯವರದು. ‘ಋಣಮುಕ್ತಳು’ (1984) ಅನುಪಮಾ ಅವರದು. ಕಲ್ಪನಾ, ಆರತಿಯರಂಥ ನಟಿಯರಿಗೆ ಮೈತುಂಬ ಪಾತ್ರ ಸಿಕ್ಕದ್ದು ಈ ಹೆಂಗಸರ ಪುಟಗಳಿಂದ. ಎಚ್.ಜಿ. ರಾಧಾದೇವಿಯವರ ಕಾದಂಬರಿಯಿಂದ ಹುಟ್ಟಿದ ‘ಅನುರಾಗ ಅರಳಿತು’ (1986) ಮುಂದೆ ತೆಲುಗಿನಲ್ಲಿ ‘ಘರಾನಾ ಮೊಗುಡು’, ತಮಿಳಿನಲ್ಲಿ ‘ಮನ್ನನ್’, ಹಿಂದಿಯಲ್ಲಿ ‘ಲಾಡ್ಲಾ’ ಆಯಿತು. ರಾಜ್‌ಕುಮಾರ್, ಚಿರಂಜೀವಿ, ರಜನಿಕಾಂತ್ ಮೂವರಿಗೂ ಕಥೆ ಒದಗಿಸಿದ ಕನ್ನಡ ಲೇಖಕಿಯ ಹೆಸರು ಎಷ್ಟು ಜನರಿಗೆ ಗೊತ್ತು?

ಇದರಲ್ಲಿ ಜೊಳ್ಳು ಇರಲಿಲ್ಲವೇ? ಬೇಕಾದಷ್ಟಿತ್ತು. ಸಿರಿವಂತನಾದ ಮಿತಭಾಷಿ ನಾಯಕ, ಸ್ವಾಭಿಮಾನಿ ಬಡ ಹುಡುಗಿ, ಮೂರನೆಯ ಕಂತಿನಲ್ಲಿ ಅಪಾರ್ಥ, ಮದುವೆ ಮಂಟಪದಲ್ಲಿ ಸಮಾಧಾನ. ನೂರು ದಾಟಿದ ಸಾಯಿಸುತೆಯವರ ಕಾದಂಬರಿಗಳನ್ನು ಒಂದೇ ಉಸಿರಿಗೆ ಓದಿದರೆ ನಾಯಕರ ಹೆಸರುಗಳು ಅದಲುಬದಲಾಗುವುದು ಖಂಡಿತ. ಆದರೆ ಪತ್ತೇದಾರಿ ಬರೆದ ಗಂಡಸರಲ್ಲೂ ಅಷ್ಟೇ ಜೊಳ್ಳಿತ್ತು, ಅವರ ಪುಸ್ತಕಗಳನ್ನು ‘ಅಡುಗೆಮನೆ ಸಾಹಿತ್ಯ’ದಂಥ ಹೆಸರಿಟ್ಟು ಯಾರೂ ಜರೆಯಲಿಲ್ಲ. ಮೇಲಾಗಿ, ಶಾಲೆ ಬಿಟ್ಟ ಮೇಲೆ ಅಕ್ಷರ ಮರೆತೇಹೋಗಬಹುದಾಗಿದ್ದ ಹೆಂಗಸರನ್ನು ವಾರವಾರ ಕನ್ನಡಕ್ಕೆ ಕಟ್ಟಿಹಾಕಿದ್ದು ಈ ಕಪಾಟು.

ಎಪ್ಪತ್ತರ ದಶಕದ ಕೊನೆಗೆ ಗಾಳಿ ಬದಲಾಯಿತು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿತು, ಬಂಡಾಯ ಚಳವಳಿ ಕಾವೇರಿತ್ತು. ವಿಜಯಾ ದಬ್ಬೆಯಂಥವರು ಹೆಣ್ಣಿನ ಕಣ್ಣಿಂದ ವಿಮರ್ಶೆ ಬರೆಯತೊಡಗಿದರು, ಧಾರವಾಡದಲ್ಲಿ ವೀಣಾ ಶಾಂತೇಶ್ವರ ಒಳ್ಳೆಯ ಹುಡುಗಿಯರ ಪಟ್ಟಿಗೆ ಸೇರಲು ಒಲ್ಲದ ನಾಯಕಿಯರನ್ನು ತಂದರು. ಕಾಸರಗೋಡಿನ ಮಲಯಾಳಂ ಮನೆಮಾತಿನ ಸಾರಾ ಅಬೂಬಕ್ಕರ್ ಕನ್ನಡ ಶಾಲೆಯಲ್ಲಿ ಓದಿದವರು. ಅವರ ‘ಚಂದ್ರಗಿರಿಯ ತೀರದಲ್ಲಿ’ ‘ಲಂಕೇಶ್ ಪತ್ರಿಕೆ’ಯಲ್ಲಿ ಕಂತುಕಂತಾಗಿ ಬಂತು. ತಲಾಖ್ ಆದ ನಾದಿರಾ ಮೊದಲ ಗಂಡನ ಬಳಿ ಮರಳಬೇಕಾದರೆ ಇನ್ನೊಬ್ಬನ ಜತೆ ಒಂದು ರಾತ್ರಿಯ ಮದುವೆ ಎಂಬ ಕಟ್ಟಳೆಯೇ ಅದರ ಕೇಂದ್ರ. ಸಾರಾ ಮುಂದೆ ತಮ್ಮ ಪುಸ್ತಕಗಳಿಗಾಗಿ ಚಂದ್ರಗಿರಿ ಪ್ರಕಾಶನ ಕಟ್ಟಿಕೊಂಡರು. ರಾಷ್ಟ್ರಪ್ರಶಸ್ತಿ ಪಡೆದ ‘ಬ್ಯಾರಿ’ ಚಿತ್ರ ತಮ್ಮ ಕಾದಂಬರಿಯಿಂದಲೇ ಎತ್ತಿದ್ದೆಂದು ಕೋರ್ಟಿಗೂ ಹೋಗಿ ಗೆದ್ದರು. ತಿರುಮಲಾಂಬ ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರು.

ಕಲಬುರಗಿಯ ಗೀತಾ ನಾಗಭೂಷಣ ಗಿರಣಿ ಕಾರ್ಮಿಕನ ಮಗಳು. ಮಲೆನಾಡು–ಮೈಸೂರಿನ ಜಗಲಿಗಳಲ್ಲೇ ಸುತ್ತುತ್ತಿದ್ದ ಹೆಣ್ಣಿನ ಕಾದಂಬರಿಗೆ ಆ ಸೀಮೆಯ ಬಿಸಿಲು, ಬೈಗುಳ, ಹಸಿವು ತಂದವರು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಹೆಣ್ಣೊಬ್ಬಳಿಗೆ ಆ ಪ್ರಶಸ್ತಿ ಸಿಕ್ಕದ್ದು ಅದೇ ಮೊದಲು. ಪ್ರಶಸ್ತಿ ಕೊಡುವುದು ಶುರುವಾದದ್ದು 1955ರಲ್ಲಿ! ತ್ರಿವೇಣಿ, ಇಂದಿರಾ, ಅನುಪಮಾ ಮೂವರೂ ಬಂದುಹೋದ ಅರ್ಧ ಶತಮಾನ ಅದು. ಎರಡು ಕಪಾಟುಗಳ ಪರಿಣಾಮ ಏನೆಂದು ಕೇಳುವವರಿಗೆ ಇದಕ್ಕಿಂತ ಬೇರೆ ಪುರಾವೆ ಬೇಡ. ಐದು ವರ್ಷಗಳ ನಂತರ ವೈದೇಹಿಯವರಿಗೆ ಬಂತು. ‘ಅಡುಗೆಮನೆ’ ಎಂಬ ಬೈಗುಳಕ್ಕೆ ಅವರು ಉತ್ತರ ಕೊಡಲು ಹೋಗಲಿಲ್ಲ. ಕುಂದಾಪುರದ ಆಡುಮಾತಿನೊಂದಿಗೆ ಅದೇ ಅಡುಗೆಮನೆಗೆ ಹೊಕ್ಕು, ಅಲ್ಲಿಂದಲೇ ಲೋಕವನ್ನು ನೋಡಿದರು.

ಅಲ್ಲಿಂದೀಚೆಗೆ ಹರವು ಹಿಗ್ಗಿದೆ. ವಿಮಾನ ತಯಾರಿಕೆಯ ಎಂಜಿನಿಯರ್ ಆಗಿದ್ದ ನೇಮಿಚಂದ್ರ ‘ಯಾದ್ ವಶೇಮ್’ನಲ್ಲಿ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯ ಬೆನ್ನುಹತ್ತಿದರು. ಹಾಸನದ ವಕೀಲೆ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದಿತು. ಐವತ್ತು ಸಾವಿರ ಪೌಂಡು ಇಬ್ಬರಿಗೂ ಸಮಪಾಲು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಬಹುಮಾನ ಸಂದದ್ದು ಅದೇ ಮೊದಲು. ಬಾನು ಅವರದು ಮೂವತ್ತು ವರ್ಷಗಳಿಗೂ ಮಿಕ್ಕಿದ ದುಡಿಮೆ, ನಡುವೆ ಸಾಮಾಜಿಕ ಬಹಿಷ್ಕಾರವನ್ನೂ ಉಂಡವರು. ಕೋರ್ಟು, ಮನೆ, ಚಳವಳಿಗಳ ನಡುವೆ ಕಾದಂಬರಿಗೆ ಬೇಕಾದ ಉದ್ದನೆಯ ಬಿಡುವು ಸಿಗುವುದು ಕಷ್ಟ. ಅವರು ಬರೆದದ್ದು ಬಹುಪಾಲು ಕತೆಗಳನ್ನೇ ಎಂಬುದನ್ನು ಈ ಬೆಳಕಿನಲ್ಲೂ ನೋಡಬಹುದೆಂದು ನನಗನಿಸುತ್ತದೆ.

ಇತ್ತ ಎರಡನೆಯ ಕಪಾಟು ಖಾಲಿಯಾಗಿಲ್ಲ, ಜಾಗ ಬದಲಿಸಿದೆ. ಬಾಡಿಗೆ ಲೈಬ್ರರಿಗಳು ಮೊಬೈಲ್ ರೀಚಾರ್ಜ್ ಅಂಗಡಿಗಳಾಗಿವೆ. ಕಾದಂಬರಿಯ ಸಾವಿರ ಪ್ರತಿ ಹಾಕಲೂ ಪ್ರಕಾಶಕರು ಹಿಂದೆಮುಂದೆ ನೋಡುತ್ತಾರೆ. ಧಾರಾವಾಹಿ ಮಾತ್ರ ‘ಪ್ರತಿಲಿಪಿ’ಯಂಥ ಆ್ಯಪುಗಳಿಗೆ ಹೋಗಿ ಕೂತಿದೆ. ಗೃಹಿಣಿಯರು, ಶಾಲಾ ಶಿಕ್ಷಕಿಯರು, ಐಟಿ ಕಂಪನಿಯ ಹುಡುಗಿಯರು ಫೋನಿನಲ್ಲೇ ಬರೆದು ಕಂತು ಏರಿಸುತ್ತಾರೆ. ಅಲ್ಲೂ ಮಿತಭಾಷಿ ಶ್ರೀಮಂತ ನಾಯಕನಿದ್ದಾನೆ, ಈಗ ಅವನು ಕಂಪನಿಯ ಸಿಇಒ. ನಾಯಕಿ ಮಾತ್ರ ಬದಲಾಗುತ್ತಿದ್ದಾಳೆ. ಡಿವೋರ್ಸ್ ಆದವಳು, ಮಕ್ಕಳು ಬೇಡವೆಂದವಳು, ಐವತ್ತರಲ್ಲಿ ಜೊತೆ ಹುಡುಕುವವಳು ಅಲ್ಲಿ ಸಲೀಸಾಗಿ ಓಡಾಡುತ್ತಾರೆ. ಇದನ್ನು ಓದಿ ಅಳೆದು ತೂಗುವ ಕೆಲಸಕ್ಕೆ ವಿಮರ್ಶಕರು ಇನ್ನೂ ಕೈಹಾಕಿಲ್ಲ. ಹಾಕುವವರಿಗೆ ಹಿಂದಿನವರಿಗಿಲ್ಲದ ಒಂದು ಅನುಕೂಲವಿದೆ. ವಾರಪತ್ರಿಕೆಯ ಕಾಲದ ಓದುಗಿಯರು ಸಂಪಾದಕರಿಗೆ ಬರೆದ ಕಾಗದಗಳಲ್ಲಿ ಉಳಿದದ್ದು ಕಡಿಮೆ, ಇಲ್ಲಿ ಪ್ರತಿ ಕಂತಿನ ಕೆಳಗೂ ಅವರು ಏನು ಹೇಳಿದರು, ಎಲ್ಲಿ ಜಗಳ ತೆಗೆದರು, ಕಥೆಯನ್ನು ಎತ್ತ ತಿರುಗಿಸಲು ಕೇಳಿದರು ಎಂಬುದು ತಾರೀಕಿನ ಸಮೇತ ದಾಖಲಾಗಿದೆ.